ಕೈಗಳಿಗೊಂದು ಜಗಲಿ

ಝೆನ್ ಧ್ಯಾನಕ್ಕೆ ಕೂರುವವರನ್ನು ಎಲ್ಲಿ ನೋವೆಂದು ಕೇಳಿ. ಮಂಡಿ ಎನ್ನುತ್ತಾರೆ, ಸೊಂಟ ಎನ್ನುತ್ತಾರೆ. ಕೈಯ ಮಾತು ಬರುವುದೇ ಇಲ್ಲ. ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಸುಮ್ಮನೆ ಬಿದ್ದುಕೊಂಡಿರುತ್ತವಲ್ಲ, ಅವಕ್ಕೇನು ಕೆಲಸ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಬೆಳಗಿನ ಜಾವ ಕೂತರೆ ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಕತ್ತಿನ ಬುಡದಿಂದ ಎಡ ಹೆಗಲ ಹಲಗೆಯ ಮೇಲಂಚಿನವರೆಗೆ ಕಾದ ಕಡ್ಡಿಯಲ್ಲಿ ಗೆರೆ ಎಳೆದಂತೆ ಉರಿ ಶುರುವಾಗುತ್ತಿತ್ತು. ಬೆನ್ನು ನೆಟ್ಟಗಿಲ್ಲವೆಂದು ಬೆನ್ನನ್ನು ತಿದ್ದಿದೆ. ದಿಂಬು ತಗ್ಗಾಯಿತೆಂದು ಎತ್ತರದ ದಿಂಬು ಹಾಕಿಕೊಂಡೆ. ಉರಿ ಹೋಗುವ ಬದಲು ಇನ್ನೂ ಬೇಗ ಬರತೊಡಗಿತು. ಕೊನೆಗೊಂದು ಚಳಿಯ ಬೆಳಿಗ್ಗೆ ದಪ್ಪ ಶಾಲು ಹೊದ್ದು ಕೂತಾಗ ಅದರ ತುದಿಗಳು ಮಡಿಲಲ್ಲಿ ಗುಡ್ಡೆಯಾಗಿ ಬಿದ್ದವು, ಕೈಗಳು ಆ ಗುಡ್ಡೆಯ ಮೇಲೆ ಕೂತವು. ಅವತ್ತು ಧ್ಯಾನ ಮುಗಿಸುವ ಗಂಟೆ ಬಾರಿಸುವವರೆಗೂ ಹೆಗಲಿನ ನೆನಪೇ ಆಗಲಿಲ್ಲ.

ಶಾಲು ಮಾಡಿದ ಉಪಕಾರ ಏನೆಂದು ತಿಳಿಯಲು ತೋಳಿನ ತೂಕದಿಂದ ಶುರು ಮಾಡಬೇಕು. ಭುಜದಿಂದ ಬೆರಳ ತುದಿಯವರೆಗೆ ಒಂದು ತೋಳು ಮೈತೂಕದ ಸುಮಾರು ಶೇಕಡ 5ರಷ್ಟು ತೂಗುತ್ತದೆ. 60 ಕಿಲೋ ಇರುವವರಿಗೆ ಒಂದೊಂದು ತೋಳು ಸುಮಾರು 3 ಕಿಲೋ, ಎರಡೂ ಸೇರಿದರೆ 6 ಕಿಲೋ. ಇಷ್ಟು ಭಾರ ಯಾವುದಕ್ಕೆ ಜೋತುಬಿದ್ದಿದೆ? ತೊಡೆಯ ಮೂಳೆ ಸೊಂಟದ ಮೂಳೆಯ ಬಟ್ಟಲಿನಲ್ಲಿ ಭದ್ರವಾಗಿ ಕೂತಿದೆ. ತೋಳಿಗೆ ಆ ಭಾಗ್ಯವಿಲ್ಲ. ಅದು ಸೇರಿಕೊಂಡಿರುವುದು ಹೆಗಲ ಹಲಗೆಗೆ, ಆ ಹಲಗೆಯೋ ಪಕ್ಕೆಲುಬುಗಳ ಮೇಲೆ ಅತ್ತಿತ್ತ ಜಾರುವಂಥದ್ದು. ತೋಳಿಗೂ ಮುಂಡಕ್ಕೂ ನಡುವೆ ಮೂಳೆಗೆ ಮೂಳೆ ಕೂಡುವ ಕೀಲು ಒಂದೇ ಒಂದು: ಕಾಲರ್ ಮೂಳೆ ಎದೆಮೂಳೆಯ ಮೇಲ್ತುದಿಯನ್ನು ಮುಟ್ಟುವ ಜಾಗ. ಗಂಟಲ ಕುಳಿಯ ಪಕ್ಕದಲ್ಲಿ ಬೆರಳಿಟ್ಟು ತೋಳನ್ನು ಎತ್ತಿ ಇಳಿಸಿದರೆ ಅದು ಅಲ್ಲಾಡುವುದು ಕೈಗೇ ಸಿಗುತ್ತದೆ. ಮಿಕ್ಕ ಹೊರೆಯನ್ನು ಹೊತ್ತಿರುವುದು ಸ್ನಾಯುಗಳು. ತಲೆಬುರುಡೆಯ ಹಿಂಭಾಗದಿಂದಲೂ ಕತ್ತಿನಿಂದಲೂ ಇಳಿದು ಭುಜದ ತುದಿಗೆ ಹರಡಿಕೊಂಡಿರುವ ಟ್ರೆಪೀಸಿಯಸ್ ಒಂದು. ಕತ್ತಿನ ಮೊದಲ ನಾಲ್ಕು ಮಣಿಗಳಿಂದ ಹೊರಟು ಹೆಗಲ ಹಲಗೆಯ ಒಳ ಮೇಲ್ಮೂಲೆಯನ್ನು ಹಿಡಿದಿರುವ ಲಿವೇಟರ್ ಸ್ಕ್ಯಾಪುಲೆ ಇನ್ನೊಂದು. ತೋಳು ಭಾರವಾದರೆ ಬಾವಿಯ ಹಗ್ಗದಂತೆ ಬಿಗಿಯುವುದು ಕತ್ತು. ನನ್ನ ಉರಿ ಗೆರೆ ಎಳೆದದ್ದು ಸರಿಯಾಗಿ ಈ ಎರಡನೆಯ ಸ್ನಾಯುವಿನ ದಾರಿಯಲ್ಲೇ.

ಆಸರೆಯಿಲ್ಲದ ಕೈಯನ್ನು ಹೊಕ್ಕುಳ ಎದುರಿಗೆ ಹಿಡಿದರೆ ಇದರ ಮೇಲೆ ಇನ್ನೊಂದು ಲೆಕ್ಕ ಕೂಡುತ್ತದೆ. ಅದೇ 60 ಕಿಲೋ ಮೈಯಲ್ಲಿ ಮುಂಗೈ ಮತ್ತು ಹಸ್ತ ಸೇರಿ ಸುಮಾರು 1.3 ಕಿಲೋ. ಮುಂಗೈ ಅಡ್ಡಕ್ಕಿದ್ದಾಗ ಈ ಭಾರದ ಕೇಂದ್ರ ಮೊಣಕೈಯಿಂದ ಹೆಚ್ಚುಕಡಿಮೆ 17 ಸೆಂಟಿಮೀಟರ್ ಮುಂದಿರುತ್ತದೆ. ಅದನ್ನು ಎತ್ತಿ ಹಿಡಿಯುವ ಬೈಸೆಪ್ಸ್ ಸ್ನಾಯು ಮೂಳೆಗೆ ಅಂಟಿರುವುದು ಮೊಣಕೈಯಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ. ತಕ್ಕಡಿಯ ಗಿಡ್ಡ ತುದಿಯನ್ನು ಹಿಡಿದವನಿಗೆ ಶ್ರಮ ಹೆಚ್ಚು. ಒಂದೂಕಾಲು ಕಿಲೋ ಚಿಲ್ಲರೆಯನ್ನು ನಿಲ್ಲಿಸಲು ಅದು ಐದೂವರೆ ಕಿಲೋದಷ್ಟು ಬಲದಿಂದ ಎಳೆಯುತ್ತಿರಬೇಕು. ಕೈ ಇಳಿಜಾರಾಗಿದ್ದರೆ ಇದು ತುಸು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಐದೂವರೆ ಕಿಲೋ ಏನು ಮಹಾ, ತರಕಾರಿ ಚೀಲವೇ ಅದಕ್ಕಿಂತ ಭಾರ ಎನ್ನಬಹುದು. ಆದರೆ ಚೀಲವನ್ನು ನಾವು ಕೈಯಿಂದ ಕೈಗೆ ಬದಲಿಸುತ್ತೇವೆ, ನಡುವೆ ಕೆಳಗಿಡುತ್ತೇವೆ. ಧ್ಯಾನದಲ್ಲಿ ಅಲ್ಲಾಡುವಂತಿಲ್ಲ. ಸ್ನಾಯುವಿಗೆ ಕಷ್ಟ ಕೊಡುವುದು ಎಡೆಬಿಡದ ದುಡಿತ, ಅದು ಎಷ್ಟೇ ಹಗುರವಾಗಿರಲಿ. ನರವಿಜ್ಞಾನಿ ಎಲ್ವುಡ್ ಹೆನೆಮನ್ ತೋರಿಸಿದಂತೆ, ಸ್ನಾಯು ಕೆಲಸಕ್ಕಿಳಿದಾಗ ಅದರ ತಂತುಗಳೆಲ್ಲ ಒಟ್ಟಿಗೆ ಏಳುವುದಿಲ್ಲ. ಸಣ್ಣ ಘಟಕಗಳು ಮೊದಲು ಏಳುತ್ತವೆ, ಭಾರ ಹೆಚ್ಚಿದಂತೆ ದೊಡ್ಡವು ಸೇರಿಕೊಳ್ಳುತ್ತವೆ. ಭಾರ ಇಳಿದಾಗ ದೊಡ್ಡವು ಮೊದಲು ವಿಶ್ರಾಂತಿಗೆ ಹೋಗುತ್ತವೆ, ಸಣ್ಣವು ಕಟ್ಟಕಡೆಗೆ. ಭಾರ ಸ್ವಲ್ಪವೇ ಇದ್ದು ಇಳಿಯದೇ ಇದ್ದರೆ ಅವೇ ಸಣ್ಣ ತಂತುಗಳು ಒಂದೇ ಸಮನೆ ದುಡಿಯುತ್ತಲೇ ಇರುತ್ತವೆ. ಸ್ವೀಡನ್ನಿನ ಸಂಶೋಧಕ ಯೋರಾನ್ ಹೇಗ್ 1991ರಲ್ಲಿ, ಹಗುರ ಕೆಲಸ ಮಾಡುವವರಿಗೂ ಕತ್ತು ಹೆಗಲು ಏಕೆ ನೋಯುತ್ತವೆ ಎಂಬುದಕ್ಕೆ ಇದೇ ಕಾರಣವಿರಬಹುದೆಂದು ವಾದಿಸಿ, ಇವನ್ನು ಸಿಂಡ್ರೆಲಾ ತಂತುಗಳೆಂದು ಕರೆದರು. ಸಿಂಡ್ರೆಲಾ ಎಂದರೆ ಯುರೋಪಿನ ಜನಪದ ಕತೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವವಳು. ಆ ಹೆಸರು ಓದಿದಾಗ ನನಗೆ ನೆನಪಾದದ್ದು ಕೂಡು ಕುಟುಂಬದ ಕಿರಿ ಸೊಸೆಯರು.

ಹಾಗಾದರೆ ಶತಮಾನಗಳಿಂದ ಗಂಟೆಗಟ್ಟಲೆ ಕೂರುತ್ತ ಬಂದ ಝೆನ್ ಭಿಕ್ಷುಗಳು ಇದನ್ನು ಹೇಗೆ ನಿಭಾಯಿಸಿದರು? ಉತ್ತರ ಅವರ ಸೂಚನೆಯ ಒಳಗೇ ಇದೆ. ಚೀನಾದಿಂದ 1227ರಲ್ಲಿ ಜಪಾನಿಗೆ ಮರಳಿ ಅಲ್ಲಿ ಸೋಟೋ ಝೆನ್ ಪರಂಪರೆಗೆ ನೆಲೆ ಹಾಕಿದ ದೋಗೆನ್, ಕೂರುವ ಬಗೆಯನ್ನು ವಿವರಿಸುತ್ತ ಬಲಗೈಯನ್ನು ಎಡಪಾದದ ಮೇಲಿಡು, ಎಡಗೈಯನ್ನು ಬಲ ಅಂಗೈಯ ಮೇಲಿಡು, ಹೆಬ್ಬೆರಳ ತುದಿಗಳು ಒಂದನ್ನೊಂದು ಮುಟ್ಟಲಿ ಎನ್ನುತ್ತಾರೆ. ಹೆಬ್ಬೆರಳು ಕೂಡುವ ಜಾಗ ಹೊಕ್ಕುಳಿನ ಎದುರಿಗಿರಲಿ ಎಂದು 1243ರ ಇನ್ನೊಂದು ಬರಹದಲ್ಲಿ ಸೇರಿಸುತ್ತಾರೆ. ನಾನು ಎಷ್ಟೋ ಸಲ ಓದಿಯೂ ಗಮನಿಸದೇ ಹೋದ ಪದ ‘ಪಾದ’. ಕೈ ಇಡಬೇಕಾದದ್ದು ಮಡಿಲಲ್ಲಿ ಅಲ್ಲ, ಪಾದದ ಮೇಲೆ. ಪೂರ್ಣ ಪದ್ಮಾಸನದಲ್ಲಿ ಎರಡೂ ಪಾದಗಳು ಅಂಗಾಲು ಮೇಲಾಗಿ ತೊಡೆಯೇರಿ ಕೂತಾಗ ಹೊಟ್ಟೆಯ ಮುಂದೆ ಒಂದು ಜಗಲಿ ಎದ್ದು ನಿಲ್ಲುತ್ತದೆ. ಕೈಗಳ ಭಾರ ಪಾದಕ್ಕೆ, ಪಾದದಿಂದ ತೊಡೆಗೆ, ತೊಡೆಯಿಂದ ನೆಲಕ್ಕೆ ಹೋಗುತ್ತದೆ. ಕತ್ತಿಗೆ ಉಳಿಯುವುದು ಅಲ್ಪ. ನಮ್ಮ ಬಸದಿಗಳಲ್ಲಿ ಕೂತ ತೀರ್ಥಂಕರರ ಮೂರ್ತಿಗಳನ್ನು ಕಂಡವರಿಗೆ ಈ ಏರ್ಪಾಡು ಹೊಸದಲ್ಲ. ಅಲ್ಲಿಯೂ ಅಂಗೈಗಳು ಕೂತಿರುವುದು ಮೇಲ್ಮುಖವಾದ ಪಾದಗಳ ಮೇಲೆ. ಝೆನ್ ಭಿಕ್ಷುಗಳಿಗೆ ಇದರ ಜೊತೆಗೆ ಅಗಲ ತೋಳಿನ ನಿಲುವಂಗಿಯೂ ಇತ್ತು. ಅದರ ಬಟ್ಟೆ ಮಡಿಲಲ್ಲಿ ಮಡಿಕೆ ಮಡಿಕೆಯಾಗಿ ಕೂಡಿಕೊಂಡು ನನ್ನ ಶಾಲು ಮಾಡಿದ ಕೆಲಸವನ್ನೇ ಮಾಡುತ್ತದೆ.

ಇಂದು ನಮ್ಮಲ್ಲಿ ಹೆಚ್ಚಿನವರು ಪದ್ಮಾಸನ ಹಾಕಲಾರೆವು. ಎರಡೂ ಕಾಲನ್ನು ನೆಲದ ಮೇಲೆ ಒಂದರ ಮುಂದೊಂದು ಇಟ್ಟು ಕೂರುತ್ತೇವೆ, ಮಂಡಿಯೂರಿ ಪುಟ್ಟ ಮಣೆಯ ಮೇಲೆ ಕೂರುತ್ತೇವೆ, ಕುರ್ಚಿಯಲ್ಲಿ ಕೂರುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಜಗಲಿಯನ್ನು ಕೆಡವಿ ಕೈಯ ಎತ್ತರವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇವೆ. ಹೊಕ್ಕುಳ ಎದುರಿಗೇ ಇರಬೇಕೆಂದು ಹಟ ಹಿಡಿದರೆ ಕೈ ಗಾಳಿಯಲ್ಲಿ ತೇಲುತ್ತದೆ. ಮಡಿಲಿಗೆ ಬಿಟ್ಟರೆ ತೋಳುಗಳು ಭುಜವನ್ನು ಕೆಳಕ್ಕೂ ಮುಂದಕ್ಕೂ ಜಗ್ಗಿ ಬೆನ್ನು ಗೂನಾಗುತ್ತದೆ. ಕುಳಿತುಕೊಳ್ಳುವ ದಿಂಬು ಎತ್ತರವಾದಷ್ಟೂ ತೊಡೆ ಮುಂದಕ್ಕೆ ಇಳಿಜಾರಾಗಿ ಕೈ ಮತ್ತಷ್ಟು ಜಾರುತ್ತದೆ. ನನ್ನ ಉರಿ ಬೇಗ ಬರತೊಡಗಿದ್ದು ಇದಕ್ಕೇ.

ಕೈಗೆ ಆಸರೆ ಕೊಡುವುದು ಸಾಧನೆಯಲ್ಲಿ ಸಡಿಲಿಕೆ ಎಂಬ ಸಂಕೋಚ ಕೆಲವರಿಗೆ ಇದೆ. ಪರಂಪರೆಯಲ್ಲಿ ಆ ಸಂಕೋಚ ನನಗೆ ಕಾಣುವುದಿಲ್ಲ. ಝೆನ್ ಸಾಮಗ್ರಿಗಳಲ್ಲಿ ಝೆನ್‌ಬಾನ್ ಎಂಬ ಕಿರಿದಾದ ಹಲಗೆಯೊಂದಿದೆ, ದೀರ್ಘ ಧ್ಯಾನದಲ್ಲಿ ದಣಿದಾಗ ಒರಗಲು, ಕೈ ಆನಿಸಲು. 9ನೆಯ ಶತಮಾನದ ಚೀನೀ ಗುರುಗಳ ಒಂದು ಪ್ರಸಿದ್ಧ ಪ್ರಸಂಗದಲ್ಲಿ ಶಿಷ್ಯ ಗಹನ ಪ್ರಶ್ನೆ ಕೇಳಿದಾಗ ಒಬ್ಬ ಗುರು ‘ಆ ಹಲಗೆ ಕೊಡು’ ಎನ್ನುತ್ತಾನೆ, ಇನ್ನೊಬ್ಬ ‘ಆ ದಿಂಬು ಕೊಡು’ ಎನ್ನುತ್ತಾನೆ. ಪ್ರಸಂಗದ ಅರ್ಥ ಏನೇ ಇರಲಿ, ಕೈ ಚಾಚಿದರೆ ಸಿಗುವ ಹಾಗೆ ಅವೆರಡೂ ಅಲ್ಲಿದ್ದವು ಎಂಬುದಂತೂ ಸ್ಪಷ್ಟ. ನಮ್ಮ ಕಡೆಯ ಯೋಗಿಗಳು ಜಪಕ್ಕೆ ಕೂತಾಗ ತೋಳಿನ ಕೆಳಗೆ ಯೋಗದಂಡ ಇಟ್ಟುಕೊಳ್ಳುತ್ತಿದ್ದರು. ಮೇಲುಕೋಟೆಯ ಬೆಟ್ಟದ ಮೇಲಿನ ಯೋಗನರಸಿಂಹನ ಮೊಣಕಾಲುಗಳನ್ನು ಯೋಗಪಟ್ಟಿ ಬಿಗಿದು ನಿಲ್ಲಿಸಿದೆ, ಮುಂಗೈಗಳು ಆ ಮೊಣಕಾಲುಗಳ ಮೇಲೆ ಚಾಚಿಕೊಂಡಿವೆ. ದೇವರಿಗೇ ಆಸರೆ ಕೊಟ್ಟ ಶಿಲ್ಪಿಗಳಿಗೆ ತೋಳಿನ ಭಾರ ಗೊತ್ತಿತ್ತು.

ಮನೆಯಲ್ಲಿ ಮಾಡಬೇಕಾದದ್ದು ಸುಲಭ. ಕೂರುವ ಭಂಗಿಯಲ್ಲಿ ಕೂತು ಎರಡೂ ತೋಳುಗಳನ್ನು ಪಕ್ಕದಲ್ಲಿ ಜೋಲು ಬಿಡಿ. ಭುಜ ಏರದಂತೆ ಮೊಣಕೈ ಮಡಚಿ ಕೈಗಳನ್ನು ಹೊಟ್ಟೆಯ ಮುಂದೆ ತನ್ನಿ. ಅವು ನಿಂತ ಎತ್ತರಕ್ಕೂ ತೊಡೆಗೂ ನಡುವಿನ ತೆರಪನ್ನು ಮಡಚಿದ ಟವೆಲ್ಲಿನಿಂದ ತುಂಬಿ. ಆಸರೆ ಹೆಚ್ಚಾದರೆ ಭುಜ ಕಿವಿಯ ಕಡೆ ಏರುತ್ತದೆ, ಕಡಿಮೆಯಾದರೆ ತೋಳು ಜಗ್ಗುತ್ತದೆ. ಮೆತ್ತನೆಯ ಸ್ಪಂಜಿನ ದಿಂಬಿಗಿಂತ ಗಟ್ಟಿ ಮಡಿಕೆಯ ಬಟ್ಟೆ ವಾಸಿ, ಕೈ ಅದರಲ್ಲಿ ಹೂತುಹೋಗುವುದಿಲ್ಲ. ತೊಡೆ ಇಳಿಜಾರಾಗಿದ್ದರೆ ಟವೆಲ್ಲನ್ನು ಒಂದು ಶಲ್ಯದಿಂದ ಸೊಂಟಕ್ಕೆ ಕಟ್ಟಿಕೊಳ್ಳಿ. ಆಸರೆ ಹಸ್ತದ ಜೊತೆ ಮುಂಗೈಯ ಒಂದಿಷ್ಟು ಭಾಗಕ್ಕೂ ಸಿಗಲಿ, ಮೊಣಕೈ ತೀರ ಮಡಚಿಕೊಳ್ಳದಿರಲಿ. ಮೊಣಕೈಯ ಹಿಂದೆ ಹಾಯುವ ನರ ಬಿಗಿದರೆ ಉಂಗುರ ಬೆರಳು, ಕಿರುಬೆರಳು ಜುಮ್ಮೆನ್ನುತ್ತವೆ. ಭಾರ ನಿಜವಾಗಿ ಇಳಿದಿದೆಯೇ ಎಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಇಡಿ. ಇಟ್ಟೆ ಅಂದುಕೊಂಡಾಗ ಒಂದು ಅಂಕಿ ಬರುತ್ತದೆ, ಉಸಿರು ಬಿಟ್ಟು ಭುಜ ಸಡಿಲಿಸಿದಾಗ ಅದು ಏರುತ್ತದೆ. ಆ ಏರಿದ ಅಷ್ಟನ್ನೂ ಅಲ್ಲಿಯವರೆಗೆ ಸ್ನಾಯುಗಳೇ ಹಿಡಿದುಕೊಂಡಿದ್ದವು.

ಹೆಬ್ಬೆರಳುಗಳು ಬೆಟ್ಟವೂ ಆಗದೆ ಕಣಿವೆಯೂ ಆಗದೆ ಇರಲಿ ಎಂದು ಝೆನ್ ಗುರುಗಳು ಹೇಳುತ್ತಾರೆ. ಮನಸ್ಸು ಬಿಗಿದರೆ ಅವು ಒತ್ತಿಕೊಂಡು ಮೇಲೇಳುತ್ತವೆ, ತೂಕಡಿಸಿದರೆ ಕುಸಿಯುತ್ತವೆ. ಬೆರಳ ತುದಿಯ ಒಂದು ಚದರ ಸೆಂಟಿಮೀಟರ್ ಚರ್ಮದಲ್ಲಿ ಸುಮಾರು 240 ಸ್ಪರ್ಶ ನರತಂತುಗಳಿವೆ, ಕಾಗದದಷ್ಟು ತೆಳುವಾದ ವ್ಯತ್ಯಾಸವೂ ಅವಕ್ಕೆ ತಿಳಿಯುತ್ತದೆ. ಆದರೆ ಜರ್ಮನಿಯ ಎರ್ನ್ಸ್ಟ್ ವೇಬರ್ 19ನೆಯ ಶತಮಾನದಲ್ಲೇ ಕಂಡುಕೊಂಡಂತೆ, ಹೊತ್ತ ಭಾರ ದೊಡ್ಡದಾದಷ್ಟೂ ಸಣ್ಣ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೈ ತನ್ನ ಭಾರವನ್ನು ತಾನೇ ಹೊತ್ತು ನಿಂತಿದ್ದರೆ ಈ ನವಿರಾದ ಸುದ್ದಿ ಕೇಳಿಸುವುದು ಕಷ್ಟ. ಜಗಲಿ ಸಿಕ್ಕ ಮೇಲೆ ನನ್ನ ಹೆಬ್ಬೆರಳುಗಳು ಬೇರ್ಪಡುವ ಕ್ಷಣವೇ ನನಗೆ ತಿಳಿಯತೊಡಗಿತು.

ನನ್ನ ಚಿಕ್ಕಮ್ಮ ಮಂಡಿನೋವಿನಿಂದಾಗಿ ಕುರ್ಚಿಯಲ್ಲಿ ಕೂತು ಧ್ಯಾನ ಮಾಡುತ್ತಾರೆ. ಮೊನ್ನೆ ಅವರ ಮಡಿಲಿಗೆ ಹಳೆಯ ಕೌದಿಯೊಂದನ್ನು ಎಂಟು ಮಡಿಕೆ ಮಾಡಿ ಇಟ್ಟೆ. ಎತ್ತರ ಹೆಚ್ಚಾಯಿತೆಂದರು, ಮಡಿಕೆ ಬಿಡಿಸಿ ತಗ್ಗಿಸಿದೆ. ಕೈಗಳನ್ನು ಅದರ ಮೇಲಿಟ್ಟು ಕಣ್ಣು ಅರೆ ಮುಚ್ಚಿದರು. ಮೂರನೆಯ ಉಸಿರು ಹೊರಗೆ ಬಿಟ್ಟಾಗ ಭುಜ ಇಳಿದು, ಸೆರಗು ಅದರ ಜೊತೆ ಒಂದು ಬೆರಳಷ್ಟು ಜಾರಿತು.