ಫಿಲ್ಟರ್ ಮತ್ತು ಜರಡಿ

ಕಾರಿನ ಆಯಿಲ್ ಫಿಲ್ಟರನ್ನು ‘ಜರಡಿ’ ಎಂದು ಕರೆದದ್ದನ್ನು ಈ ತಿಂಗಳಲ್ಲೇ ಮೂರು ಸಲ ಓದಿದೆ. ಮೊನ್ನೆ ಮಂಡ್ಯದ ಒಂದು ಗ್ಯಾರೇಜಿನಲ್ಲೂ ಅದೇ ಮಾತು: “ಫಿಲ್ಟರ್ ಜರಡಿ ಕಟ್ಕೊಂಡಿದೆ ಸಾರ್, ಎಣ್ಣೆ ಮೇಲಕ್ಕೆ ಹೋಗ್ತಿಲ್ಲ.” ಒಂದೇ ಮಾತಿನಲ್ಲಿ ಎರಡು ತಪ್ಪು.

ಜರಡಿಗೆ ಕಣ್ಣು ಇರುತ್ತದೆ, ಎಲ್ಲವೂ ಒಂದೇ ಅಳತೆ. ಕಣ್ಣಿಗಿಂತ ದಪ್ಪನೆಯದು ಮೇಲೆ ಉಳಿಯುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ರಾಗಿ ಹಿಟ್ಟು ಜರಡಿ ಹಿಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಫಿಲ್ಟರ್ ಪದ ಹುಟ್ಟಿದ್ದು ಬೇರೆ ಕಡೆ. ಲ್ಯಾಟಿನ್ನಿನ ‘ಫಿಲ್ಟ್ರಮ್’ ಎಂದರೆ ಅದುಮಿ ಗಟ್ಟಿ ಮಾಡಿದ ಉಣ್ಣೆ. ಇಂಗ್ಲಿಷಿನ ‘ಫೆಲ್ಟ್’ ಇದೇ ಪದದ ನೆಂಟ. ಹಿಂದೆ ನೀರು, ಕಷಾಯ ಸೋಸುತ್ತಿದ್ದದ್ದು ಇಂಥ ಉಣ್ಣೆಯಲ್ಲಿ. ನಮ್ಮ ಕಂಬಳಿಯ ಹಾಗೆ ಇದನ್ನು ನೇಯುವುದಿಲ್ಲ. ಎಳೆಗಳು ಅಡ್ಡಾದಿಡ್ಡಿ ಸಿಕ್ಕು ಹಾಕಿಕೊಂಡು ಪದರ ಪದರವಾಗಿ ಕೂತಿರುತ್ತವೆ. ಕಸ ಆ ಸಂದುಗೊಂದಿನಲ್ಲಿ ಸುತ್ತಿ ಬಳಸಿ ಹೋಗುವಾಗ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಸಂದಿಗಿಂತ ಸಣ್ಣ ಕಣವೂ ಎಷ್ಟೋ ಸಲ ಎಳೆಗೆ ಅಂಟಿಕೊಳ್ಳುತ್ತದೆ. ಆಯಿಲ್ ಫಿಲ್ಟರಿನ ಮಡಿಕೆ ಮಡಿಕೆ ಕಾಗದವೂ ಇದೇ ಜಾತಿಯದು.

ಗೊಂದಲಕ್ಕೆ ನಮ್ಮ ಕಾಫಿ ಫಿಲ್ಟರೂ ಕಾರಣ ಇರಬೇಕು. ಮೈಸೂರಿನ ಯಾವ ಮನೆಯಲ್ಲಿ ನೋಡಿದರೂ ಅದರ ತಳದಲ್ಲಿ ತೂತು ಕಾಣುತ್ತದೆ ಅಲ್ವಾ? ಆದರೆ ಅಲ್ಲೂ ಡಿಕಾಕ್ಷನ್ ಸೋಸುವುದರಲ್ಲಿ ಒತ್ತಿಟ್ಟ ಪುಡಿಯದೇ ದೊಡ್ಡ ಪಾಲು.

ಇದು ಸುಮ್ನೆ ಪದದ ಜಗಳ ಅಲ್ಲ. ಡಬ್ಬಿಯ ಮೇಲೆ ‘20 ಮೈಕ್ರಾನ್’ ಎಂದಿದ್ದರೆ ಜರಡಿ ಎಂದುಕೊಂಡವರು ಅದಕ್ಕಿಂತ ದಪ್ಪನೆಯದು ಯಾವುದೂ ದಾಟುವುದಿಲ್ಲ ಎಂದು ನಂಬಿಬಿಡುತ್ತಾರೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 20 ಮೈಕ್ರಾನಿನ ಕಣಗಳಲ್ಲಿ ಅರ್ಧ ಹಿಡಿಯುವ ಫಿಲ್ಟರೂ 20 ಎಂದು ಬರೆದುಕೊಳ್ಳಬಹುದು, ನೂರಕ್ಕೆ 99 ಹಿಡಿಯುವುದೂ ಬರೆದುಕೊಳ್ಳಬಹುದು. ಕೇಳಬೇಕಾದದ್ದು ನೂರಕ್ಕೆ ಎಷ್ಟು ಎಂದು. ಐಎಸ್‌ಒ 4548-12 ಎಂಬ ಪರೀಕ್ಷೆ ಇರುವುದು ಇದನ್ನು ಅಳೆಯಲಿಕ್ಕೇ.

ಇನ್ನು ‘ಎಣ್ಣೆ ಹೋಗ್ತಿಲ್ಲ’ ಎಂಬ ಮಾತು. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೂ ಎಣ್ಣೆ ಹೋಗುತ್ತದೆ. ಫಿಲ್ಟರಿನ ಒಳಗೋ ಇಂಜಿನ್ನಿನಲ್ಲೋ ಒಂದು ಬೈಪಾಸ್ ವಾಲ್ವ್ ಇರುತ್ತದೆ. ಕಾಗದದ ಆಚೆ ಈಚೆ ಒತ್ತಡದ ವ್ಯತ್ಯಾಸ ಜಾಸ್ತಿಯಾದರೆ ಅದು ತೆರೆದುಕೊಳ್ಳುತ್ತದೆ. ಹೆದ್ದಾರಿಯ ಗಾಡಿಗಳು ಈಗ ಮಂಡ್ಯದೊಳಗೆ ಬಾರದೆ ಬೈಪಾಸಿನಲ್ಲಿ ಹೋಗುತ್ತವಲ್ಲ, ಹಾಗೆಯೇ ಎಣ್ಣೆ ಕಾಗದ ಮುಟ್ಟದೆ ದಾಟುತ್ತದೆ, ಕಸದ ಸಮೇತ. ಇಂಜಿನ್ ನಿಲ್ಲುವುದಿಲ್ಲ, ಒಳಗೊಳಗೇ ಸವೆಯುತ್ತದೆ.

ಫಿಲ್ಟರ್ ಕೆಡುವುದೂ ಹೆಚ್ಚಾಗಿ ಹೀಗೆಯೇ, ಎಣ್ಣೆಗೆ ಕಳ್ಳದಾರಿ ಸಿಕ್ಕಾಗ. ಬೈಪಾಸಿನ ಸ್ಪ್ರಿಂಗ್ ಸಡಿಲವಾದರೆ ಬೇಡದ ಹೊತ್ತಿನಲ್ಲೂ ವಾಲ್ವ್ ತೆರೆದಿರುತ್ತದೆ. ಕಾಗದದ ಎರಡು ತುದಿ ಸೇರುವ ಕಡೆ ಅಂಟು ಬಿಟ್ಟರೆ ಎಷ್ಟು ಒಳ್ಳೆ ಕಾಗದವಿದ್ದರೂ ದಂಡ. ಮಡಿಕೆಗಳು ಒತ್ತಡಕ್ಕೆ ಕುಸಿದು ಒಂದಕ್ಕೊಂದು ಅಂಟಿಕೊಂಡರೆ ಸೋಸುವ ಜಾಗವೇ ಕಡಿಮೆಯಾಗುತ್ತದೆ. ಇಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಬೇರೆ ಇದೆ. ನೈಟ್ರೈಲ್ ರಬ್ಬರ್ ಬಿಸಿಗೆ ಬೇಗ ಗಡುಸಾಗುತ್ತದೆ, ಸಿಲಿಕೋನ್ ತಾಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಕ್ಷಣ ಕಟಕಟ ಎಂದರೆ ಆ ರಬ್ಬರಿನ ಮೇಲೂ ಅನುಮಾನ ಪಡಿ. ಬಾಳಿಕೆ ಬರುವ ಫಿಲ್ಟರಿನಲ್ಲಿ ಈ ಚಿಲ್ಲರೆ ಭಾಗಗಳೆಲ್ಲ ಗಟ್ಟಿಯಾಗಿರುತ್ತವೆ.

ಇಂಜಿನ್ನಿನಲ್ಲಿ ನಿಜವಾದ ಜರಡಿಯೂ ಒಂದಿದೆ. ಕೆಳಗೆ ಎಣ್ಣೆ ನಿಲ್ಲುವ ತಟ್ಟೆ, ಅಂದರೆ ಸಂಪಿನೊಳಗೆ, ಪಂಪಿಗೆ ಎಣ್ಣೆ ಎಳೆದುಕೊಡುವ ಕೊಳವೆಯ ಬಾಯಿಗೆ ಹಾಕಿರುವ ತಂತಿ ಬಲೆ. ಅದು ಕಟ್ಟಿಕೊಂಡರೆ ಎಣ್ಣೆ ಖಂಡಿತ ಮೇಲಕ್ಕೆ ಹೋಗುವುದಿಲ್ಲ. ಗ್ಯಾರೇಜಿನವರು ಅದನ್ನು ಜರಡಿ ಎನ್ನಲಿ, ಸಂಪ್ ಬಿಚ್ಚಿ ತೋರಿಸಲಿ. ಫಿಲ್ಟರ್ ಬದಲಿಸಿದರೆ ಆ ರೋಗ ವಾಸಿಯಾಗುವುದಿಲ್ಲ.