ರೇಡಿಯೇಷನ್ ಸುಸ್ತು ಮಲಗಿದರೆ ಹೋಗಲ್ಲ

‘ಡಾಕ್ಟ್ರೇ, ಕರೆಂಟ್ ಇಡೋದು ಬರೀ ಹತ್ತು ನಿಮಿಷ. ನೋವಿಲ್ಲ ಏನಿಲ್ಲ. ಆದ್ರೂ ಮೈಯಲ್ಲಿ ಶಕ್ತೀನೇ ಇಲ್ಲ.’ ಜನ ‘ಕರೆಂಟ್’ ಅನ್ನೋದು ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್, ಅಂದರೆ ಕಿರಣ ಚಿಕಿತ್ಸೆಗೆ. ಅದು ಶುರುವಾಗಿ ಎರಡು ಮೂರು ವಾರ ಕಳೆಯುವಷ್ಟರಲ್ಲಿ ಈ ಮಾತು ಬರುತ್ತದೆ. ಜೊತೆಗೆ ಬಂದವರಿಗೆ ಬೇರೆಯದೇ ಭಯ: ಕಾಯಿಲೆ ಜಾಸ್ತಿಯಾಯಿತಾ?

ಸಾಮಾನ್ಯವಾಗಿ ಇಲ್ಲ. ಇದು ಚಿಕಿತ್ಸೆಯ ಸುಸ್ತು. ಕಿರಣ ಬಿದ್ದ ಕಡೆ ಕ್ಯಾನ್ಸರ್ ಕೋಶಗಳ ಜೊತೆ ಪಕ್ಕದ ಒಳ್ಳೆಯ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಅವನ್ನು ಸರಿಪಡಿಸಲು ದೇಹ ಹಗಲು ರಾತ್ರಿ ದುಡಿಯುತ್ತದೆ. ಉರಿಯೂತವೂ ಸೇರಿ ಜ್ವರ ಬಂದಾಗಿನಂಥ ಆಯಾಸ ತರುತ್ತದೆ. ವಾರಕ್ಕೆ 5 ದಿನದಂತೆ ಐದಾರು ವಾರ ನಡೆಯುವ ಚಿಕಿತ್ಸೆಯಲ್ಲಿ ಇದು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ.

ಹಾಗಂತ ಸುಸ್ತು ಇರೋದೇ ಅಂತ ಸುಮ್ಮನಿರಬೇಡಿ. ರಾಯಚೂರು ಕಡೆಯ ಒಬ್ಬ ತಾಯಿ ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಷನ್ ತಗೊಳ್ಳುತ್ತಿದ್ದರು. ಉಳಿದುಕೊಂಡಿದ್ದು ಧರ್ಮಶಾಲೆಯಲ್ಲಿ. ನಾಲ್ಕನೇ ವಾರ ಮೆಟ್ಟಿಲು ಹತ್ತಲೂ ಆಗಲಿಲ್ಲ. ಬಿಡಿಸಿ ಕೇಳಿದಾಗ ಗೊತ್ತಾಯಿತು: ದಿನಕ್ಕೆ ಐದಾರು ಸಲ ಭೇದಿ. ಸಂಕೋಚಕ್ಕೆ ಯಾರಿಗೂ ಹೇಳಿಲ್ಲ. ನೀರು ಕುಡಿದರೆ ಮತ್ತೆ ಹೋಗಬೇಕಲ್ಲ ಎಂದು ನೀರನ್ನೇ ಬಿಟ್ಟಿದ್ದರು. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಭೇದಿಗೆ ಮಾತ್ರೆ, ಒಆರ್‌ಎಸ್, ರಕ್ತ ಕೊಟ್ಟ ಮೇಲೆ ಚೇತರಿಸಿಕೊಂಡರು. ಅದಕ್ಕೇ ವಾರದ ತಪಾಸಣೆಯಲ್ಲಿ ಊಟ, ನಿದ್ದೆ, ನೋವು, ಭೇದಿ, ಮನಸ್ಸಿನ ಬೇಸರ ಎಲ್ಲವನ್ನೂ ಹೇಳಿ. ನಾಚಿಕೆ ಬೇಡ.

ಆ ತಾಯಿಯ ಮಗನದು ಒಂದೇ ಮಾತು: ‘ಯವ್ವಾ, ನೀ ಏಳಬ್ಯಾಡ, ಮಲಕೋ.’ ಪ್ರೀತಿಯ ಮಾತೇ. ಆದರೆ ದಿನವಿಡೀ ಮಲಗಿದರೆ ಸ್ನಾಯುಗಳು ಸೊರಗುತ್ತವೆ. ಆಮೇಲೆ ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಈ ಸುಸ್ತಿಗೆ ನಡಿಗೆಯಷ್ಟು ಒಳ್ಳೆಯ ಮದ್ದು ನನಗೆ ಬೇರೆ ಕಂಡಿಲ್ಲ. ಡಾಕ್ಟರು ಬೇಡ ಎನ್ನದಿದ್ದರೆ ಬೆಳಗ್ಗೆ 10 ನಿಮಿಷ, ಸಂಜೆ 10 ನಿಮಿಷ ಮೆಲ್ಲಗೆ ನಡೆಯಿರಿ. ಆಸ್ಪತ್ರೆಯ ಕಾರಿಡಾರ್ ಆದರೂ ಸಾಕು. ಆಗದ ದಿನ ಐದೇ ನಿಮಿಷ. ಮಧ್ಯಾಹ್ನ ಅರ್ಧ ಗಂಟೆ ಮಲಗಿ, ಸಂಜೆವರೆಗೆ ಎಳೆಯಬೇಡಿ. ರಾತ್ರಿ ನಿದ್ದೆ ಕೆಡುತ್ತದೆ.

ದಿನದ ಯಾವ ಹೊತ್ತಲ್ಲಿ ಮೈ ಹಗುರ ಅನ್ನಿಸುತ್ತದೋ ಸ್ನಾನ, ಅಡುಗೆ ಅಂಥ ಕೆಲಸ ಆಗ ಇಟ್ಟುಕೊಳ್ಳಿ. ಬಟ್ಟೆ, ನೀರು, ಅಂಗಡಿ ಕೆಲಸ ಮನೆಯವರು ಕೇಳದೆಯೇ ವಹಿಸಿಕೊಳ್ಳಲಿ. ದಿನಾ ಬಸ್ಸಲ್ಲಿ ಓಡಾಡುವವರು ‘ನಮಗೆ ಅನುಕೂಲವಾಗುವ ಒಂದೇ ಸಮಯ ದಿನಾ ಕೊಡಿ’ ಎಂದು ರೇಡಿಯೇಷನ್ ಕೊಡುವ ಟೆಕ್ನಿಷಿಯನ್ನರನ್ನು ಕೇಳಿ. ಎಷ್ಟೋ ಸಲ ಸಿಗುತ್ತದೆ.

ಊಟ ಸ್ವಲ್ಪ ಸ್ವಲ್ಪವೇ ಐದಾರು ಸಲ ಆಗಲಿ. ಮೊಟ್ಟೆ, ಬೇಳೆ, ಮೊಸರು ಬಿಡಬೇಡಿ. ಬಾಯಿ ಗಂಟಲಿಗೆ ರೇಡಿಯೇಷನ್ ಆಗುತ್ತಿದ್ದರೆ ಖಾರ, ಹುಳಿ ಬೇಡ. ರಾಗಿ ಗಂಜಿ, ಮೆತ್ತನೆ ಅನ್ನ ಇಳಿಯುತ್ತದೆ. ಯಾರೋ ಹೇಳಿದ ಟಾನಿಕ್, ಪುಡಿ ನಮ್ಮನ್ನು ಕೇಳದೆ ತಗೊಳ್ಳಬೇಡಿ.

ಜ್ವರ, ಉಸಿರಾಟದ ತೊಂದರೆ, ಎದೆನೋವು, ಹಾಸಿಗೆಯಿಂದ ಏಳಲಾಗದಷ್ಟು ನಿತ್ರಾಣ, ಮಾತಲ್ಲಿ ಗೊಂದಲ ಕಂಡರೆ ಕಾಯದೆ ಆಸ್ಪತ್ರೆಗೆ ಬನ್ನಿ.

ಕೊನೆಯ ದಿನ ಮುಗಿದ ಕೂಡಲೇ ಸುಸ್ತು ಹೋಗುವುದಿಲ್ಲ. ಒಂದೆರಡು ವಾರ ಇನ್ನೂ ಜಾಸ್ತಿ ಅನ್ನಿಸಬಹುದು. ಆಮೇಲೆ ಮೆಲ್ಲಗೆ ಇಳಿಯುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕು. ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ಎಷ್ಟೋ ದಿನದ ಮೇಲೆ ಮತ್ತೆ ಆಯಾಸ ಶುರುವಾದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿರಬಹುದು. ಒಂದು ಟಿಎಸ್‌ಎಚ್ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯಲ್ಲಿ ಸರಿಹೋಗುತ್ತದೆ.