ಸ್ಟೀಮ್ ಶವರ್: ಯಂತ್ರ ಆಮೇಲೆ, ಮೊದಲು ಗೋಡೆ ನೋಡಿ

ಹೋದ ತಿಂಗಳು ಮೈಸೂರಿನ ಬೋಗಾದಿ ಕಡೆ ಒಂದು ಮನೆಗೆ ಹೋಗಿದ್ದೆ. ನಿವೃತ್ತರಾದ ಗಂಡ ಹೆಂಡತಿ. ಮಹಡಿ ಮೇಲಿನ ಬಾತ್‌ರೂಮ್ ಒಡೆಸಿ ಹೊಸದಾಗಿ ಮಾಡಿಸುತ್ತಿದ್ದಾರೆ. ಅಮ್ಮನವರಿಗೆ ಮಂಡಿ ನೋವು. ಮಗಳ ಮನೆಯಲ್ಲಿ ಸ್ಟೀಮ್ ಶವರ್ ನೋಡಿ ಬಂದ ಮೇಲೆ ತಮಗೂ ಒಂದು ಇರಲಿ ಅನ್ನಿಸಿದೆ. ಟೀಪಾಯಿ ಮೇಲೆ ಅಂಗಡಿಯವರು ಕೊಟ್ಟ ಕೊಟೇಶನ್ ಇತ್ತು. "ಯಾವ ಯಂತ್ರ ತಗೊಳ್ಳೋದು ಹೇಳಿಬಿಡಿ ಸಾರ್. ಬಾಕಿದು ನಿಮ್ಮ ಪ್ಲಂಬರ್ ಜೋಡಿಸ್ತಾರಲ್ವಾ?" ಎಂದರು ಯಜಮಾನರು.

ಈ ಪ್ರಶ್ನೆ ನನಗೆ ಈಗೀಗ ಜಾಸ್ತಿ ಬರುತ್ತಿದೆ. ಕೇಳುವವರೆಲ್ಲ ಯಂತ್ರದಿಂದಲೇ ಶುರು ಮಾಡುತ್ತಾರೆ. ಯಂತ್ರದ ಕೆಲಸ ಸುಲಭದ್ದು. ನೀರು ಕುದಿಸಿ ಹಬೆ ಮಾಡಿ ಪೈಪಿಗೆ ಬಿಡುತ್ತದೆ, ಅಷ್ಟೇ. ಆ ಹಬೆಯನ್ನು ಹಿಡಿದಿಟ್ಟುಕೊಳ್ಳುವುದು ಕೋಣೆ. ಕೋಣೆ ಸರಿ ಇಲ್ಲದಿದ್ದರೆ ಎಷ್ಟು ಒಳ್ಳೆ ಯಂತ್ರ ತಂದರೂ ಮನೆ ಹಾಳಾಗುತ್ತದೆ. ಇದನ್ನು ನಾನು ಕಲಿತದ್ದು ಬೇರೆಯವರ ಮನೆಗೆ ನಷ್ಟ ಮಾಡಿ. ಅದನ್ನು ಮುಚ್ಚಿಡದೆ ಹೇಳಬೇಕು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಕುವೆಂಪುನಗರದ ಒಂದು ಮನೆ. ಸ್ಟೀಮ್ ಯಂತ್ರ ಅವರೇ ತಂದಿದ್ದರು, ಟೈಲ್ಸ್ ಕೆಲಸ ನನ್ನದು. ಎಲ್ಲ ಬಾತ್‌ರೂಮಿಗೂ ಹೊಡೆಸುವ ವಾಟರ್‌ಪ್ರೂಫಿಂಗನ್ನೇ ಅಲ್ಲಿಗೂ ಹೊಡೆಸಿದೆ. ಮೇಲೆ ಪಿಓಪಿ ಸೀಲಿಂಗ್. ನೋಡಲು ಚೆನ್ನಾಗಿತ್ತು. ಒಂದೂವರೆ ವರ್ಷ ಕಳೆದು ಆ ಮನೆಯ ಅಮ್ಮ ಫೋನ್ ಮಾಡಿ "ಒಂದ್ಸಲ ಬಂದು ನೋಡಿ" ಎಂದರು. ಬಾತ್‌ರೂಮಿನ ಗೋಡೆಯ ಆ ಕಡೆ ಅವರ ರೂಮು, ಗೋಡೆಗೆ ಒತ್ತಿ ಮರದ ಬೀರು. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಮಡಿಸಿಟ್ಟ ಮೈಸೂರು ಸಿಲ್ಕ್ ಸೀರೆಗಳ ಮಡಿಕೆಯ ಉದ್ದಕ್ಕೂ ಬೂದು ಬಣ್ಣದ ಚುಕ್ಕೆ ಚುಕ್ಕೆ ಬೂಷ್ಟು. ಬೀರುವಿನ ಹಿಂದಿನ ಹಲಗೆಯನ್ನು ಬೆರಳಲ್ಲಿ ಒತ್ತಿದೆ, ನೆನೆದ ರಸ್ಕಿನ ಹಾಗೆ ಒಳಗೆ ಹೋಯಿತು. ಸೀಲಿಂಗ್ ಬಿಚ್ಚಿದರೆ ಮೇಲಿನ ಮುಖವೆಲ್ಲ ಕಪ್ಪು. ಅದರಲ್ಲಿ ಒಂದು ಸೀರೆ ಅವರ ಮದುವೆಯದು. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಆಗಿದ್ದು ಇಷ್ಟೇ. ನೀರು ಬೇರೆ, ಹಬೆ ಬೇರೆ. ಸಾಮಾನ್ಯವಾಗಿ ಹೊಡೆಯುವ ಸಿಮೆಂಟ್ ಜಾತಿಯ ಕೋಟಿಂಗ್ ನೀರನ್ನು ತಡೆಯುತ್ತದೆ. ಆದರೆ ಹಬೆ ಅದರೊಳಗೆ ಮೆಲ್ಲಗೆ ನುಗ್ಗುತ್ತದೆ. ಟೈಲ್ಸ್ ಸಂದಿಯ ಸಾದಾ ಗ್ರೌಟಿನಲ್ಲೂ ನುಗ್ಗುತ್ತದೆ. ಒಳಗೆ ಬಿಸಿ, ಆ ಕಡೆ ತಣ್ಣಗೆ. ಗೋಡೆಯ ಮಧ್ಯೆ ಎಲ್ಲೋ ತಣ್ಣಗಾಗಿ ನೀರಾಗಿ ಕೂರುತ್ತದೆ. ದಿನವೂ ಸ್ವಲ್ಪ ಸ್ವಲ್ಪ. ಹೊರಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

"ನಮ್ಮಜ್ಜಿ ಮನೇಲಿ ಹಂಡೆ ತುಂಬ ನೀರು ಕುದೀತಿತ್ತು, ಏನೂ ಆಗ್ತಿರ್ಲಿಲ್ವಲ್ಲ" ಎಂದು ಕೇಳುತ್ತಾರೆ. ನಿಜ. ಪಾಂಡವಪುರದ ಹತ್ತಿರ ನಮ್ಮಜ್ಜಿ ಮನೆಯಲ್ಲೂ ಹಾಗೇ ಇತ್ತು. ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕತ್ತಿಗೆ ಹಾಗಲಬಳ್ಳಿ ಸುತ್ತುತ್ತಿದ್ದರು. ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದರೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ, ಅಷ್ಟು ಹಬೆ. ಆದರೆ ಮೇಲೆ ನಾಡಹೆಂಚು. ಹಬೆ, ಹೊಗೆ ಎರಡೂ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಪಕ್ಕದಲ್ಲಿ ಒಲೆ ಉರಿಯುತ್ತಿತ್ತು, ಗೋಡೆ ತಾನೇ ಒಣಗುತ್ತಿತ್ತು. ಈಗಿನ ಮನೆಗೆ ಆರ್‌ಸಿಸಿ ಸೂರು, ಮುಚ್ಚಿದ ಗಾಜಿನ ಬಾಗಿಲು. ಹಬೆಗೆ ದಾರಿ ಎಲ್ಲಿದೆ?

ಹಾಗಾಗಿ ಮಾಡಿಸುವುದಾದರೆ ಕೋಣೆಯನ್ನು ಇಡ್ಲಿ ಪಾತ್ರೆ ಅಂದುಕೊಳ್ಳಿ. ಮುಚ್ಚಳ ಯಾಕೆ ಮೇಲೆ ಉಬ್ಬಿರುತ್ತದೆ ನೋಡಿದ್ದೀರಾ? ಒಳಗೆ ಕಟ್ಟಿದ ನೀರು ಇಡ್ಲಿ ಮೇಲೆ ತೊಟ್ಟಿಕ್ಕದೆ ಅಂಚಿಗೆ ಜಾರಿ ಹೋಗಲಿ ಅಂತ. ಸ್ಟೀಮ್ ಕೋಣೆಯ ಸೂರಿಗೂ ಹಾಗೇ ಇಳಿಜಾರು ಬೇಕು, ಪ್ರತಿ ಒಂದು ಅಡಿ ಉದ್ದಕ್ಕೆ ಸುಮಾರು 2 ಇಂಚು. ಮಟ್ಟಸವಾಗಿದ್ದರೆ ತಲೆ ಮೇಲೆ ಹನಿ ಬೀಳುತ್ತಲೇ ಇರುತ್ತದೆ. ನಾಲ್ಕು ಗೋಡೆ, ನೆಲ, ಸೂರು, ಆರೂ ಕಡೆ ಹಬೆ ತಡೆಯುವ ತೆಳು ಪದರ, ಅಂದರೆ ಮೆಂಬ್ರೇನ್ ಹಾಕಬೇಕು. ಸೂರಿಗೂ ಟೈಲ್ಸ್ ಅಂಟಿಸಬೇಕು, ಪಿಓಪಿ, ಜಿಪ್ಸಮ್ ಬೇಡವೇ ಬೇಡ. ಸಂದಿಗೆ ಸಾದಾ ಗ್ರೌಟ್ ಬದಲು ಎಪಾಕ್ಸಿ ಗ್ರೌಟ್. ಮಾರ್ಬಲ್ ಆಸೆ ಬಿಡಿ. ಅದು ಹಬೆ ಕುಡಿಯುತ್ತದೆ, ಬಿಸಿಯಾಗಲು ಹೊತ್ತೂ ಹಿಡಿಯುತ್ತದೆ. ಗಾಜಿನ ಬಾಗಿಲು ಸೂರಿನ ತನಕ ಇರಬೇಕು, ಹೊರಕ್ಕೆ ತೆಗೆಯಬೇಕು, ಚಿಲಕ ಇರಬಾರದು. ಒಳಗೆ ಯಾರಾದರೂ ತಲೆ ಸುತ್ತಿ ಬಾಗಿಲಿಗೆ ಒರಗಿ ಕುಸಿದರೆ, ಒಳಕ್ಕೆ ತೆಗೆಯುವ ಬಾಗಿಲನ್ನು ನೂಕಲು ಆಗುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಸ್ಟೀಮ್ ಕೋಣೆಯ ಒಳಗಲ್ಲ, ಅದರ ಹೊರಗೆ, ಬಾತ್‌ರೂಮಿನಲ್ಲಿ. ಬಳಸಿ ಮುಗಿದ ಮೇಲೆ ಗಾಜಿನ ಬಾಗಿಲು ತೆಗೆದಿಟ್ಟು ಫ್ಯಾನ್ ಹಾಕಬೇಕು.

ಯಂತ್ರದಿಂದ ಹಬೆ ತರುವ ಪೈಪು ತಾಮ್ರದ್ದಾಗಿರಲಿ. ಬಿಸಿನೀರಿಗೆ ಹಾಕುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ತಡೆಯುವುದು ಸುಮಾರು 93 ಡಿಗ್ರಿಯವರೆಗೆ. ಹಬೆ ನೂರು ಡಿಗ್ರಿ. ಆ ಪೈಪು ಗೋಡೆಯೊಳಗೇ ಮೆತ್ತಗಾಗುತ್ತದೆ. ಹಬೆ ಬರುವ ಬಾಯಿ ನೆಲದಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿ, ಕೂರುವ ಕಟ್ಟೆಯಿಂದ ದೂರ ಇರಲಿ. ಕಾಲಿಗೆ ತಗುಲಿದರೆ ಬೊಬ್ಬೆ ಏಳುತ್ತದೆ.

ಇನ್ನು ಕರೆಂಟು. 4 ಅಡಿ ಉದ್ದ, 4 ಅಡಿ ಅಗಲ, 7 ಅಡಿ ಎತ್ತರದ ಕೋಣೆ ಅಂದರೆ 112 ಘನ ಅಡಿ, ಸುಮಾರು 3.2 ಘನ ಮೀಟರ್. ಘನ ಮೀಟರಿಗೆ ಅಂದಾಜು 1 ಕಿಲೋವಾಟ್ ಹಿಡಿದು, ಗಾಜಿಗೆ, ಬಿಸಿಲು ಮಳೆಗೆ ಒಡ್ಡಿದ ಗೋಡೆಗೆ ಸ್ವಲ್ಪ ಸೇರಿಸಿದರೆ 4.5 ಕಿಲೋವಾಟ್ ಯಂತ್ರ ಬೇಕು. ಅದೇ ಕೋಣೆಯ ಎತ್ತರ ಒಂಬತ್ತೂವರೆ ಅಡಿ ಬಿಟ್ಟರೆ 6 ಕಿಲೋವಾಟ್. ಹಬೆ ಮೇಲಕ್ಕೆ ಹೋಗಿ ಸೂರಿನ ಕೆಳಗೆ ನಿಲ್ಲುತ್ತದೆ, ಕೂತವರಿಗೆ ಸಿಗುವುದಿಲ್ಲ. 6 ಕಿಲೋವಾಟ್ ಅಂದರೆ 26 ಆಂಪಿಯರ್, ಮೂರು ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ಲೈನ್ ಎಳೆಸಬೇಕು. ಅದಕ್ಕೆ ಪ್ರತ್ಯೇಕ ಎಂಸಿಬಿ, ಶಾಕ್ ಹೊಡೆಯದಂತೆ ಕರೆಂಟ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಇದರಲ್ಲಿ ಒಂದು ರೂಪಾಯಿಯೂ ಉಳಿಸಬೇಡಿ. ಮನೆಯ ಮಂಜೂರಾದ ಲೋಡ್ 3 ಕಿಲೋವಾಟ್ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು. ಆಮೇಲೆ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ.

4.5 ಕಿಲೋವಾಟ್ ಯಂತ್ರ ಅರ್ಧ ಗಂಟೆ ಓಡಿದರೆ ಸುಮಾರು ಎರಡೂಕಾಲು ಯೂನಿಟ್. ದಿನವೂ ಬಳಸಿದರೆ ತಿಂಗಳಿಗೆ 67 ಯೂನಿಟ್ ಹತ್ತಿರ. ಗೃಹಜ್ಯೋತಿಯಲ್ಲಿ ಇರುವವರು ಇದನ್ನು ಯೋಚಿಸಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

"ಸೋಲಾರ್ ಇದೆಯಲ್ಲ, ಅದರ ಬಿಸಿನೀರನ್ನೇ ಯಂತ್ರಕ್ಕೆ ಕೊಟ್ರೆ ಕರೆಂಟ್ ಉಳಿಯಲ್ವಾ?" ಎಂದು ಬೋಗಾದಿಯ ಯಜಮಾನರೂ ಕೇಳಿದರು. ಒಳ್ಳೆಯ ಪ್ರಶ್ನೆ. ಒಂದು ಲೀಟರ್ ತಣ್ಣೀರನ್ನು ಕುದಿಯುವ ತನಕ ತರಲು ಬೇಕಾಗುವುದು 0.09 ಯೂನಿಟ್ ಅಷ್ಟೇ. ಕುದಿಯುವ ನೀರು ಹಬೆಯಾಗಲು ಮತ್ತೆ 0.63 ಯೂನಿಟ್ ಬೇಕು. ಸೋಲಾರ್ ನೀರು ಕೊಟ್ಟರೆ ಉಳಿಯುವುದು ಆ ಮೊದಲ ಚೂರಿನಲ್ಲಿ ಅರ್ಧ.

ನೀರು ಖರ್ಚಾಗುವುದು ತೀರಾ ಕಮ್ಮಿ, ಒಂದು ಸಲಕ್ಕೆ ಮೂರು ಲೀಟರ್. ಆದರೆ ಯಾವ ನೀರು ಅನ್ನುವುದು ಮುಖ್ಯ. ಹೊಂಗಳ್ಳಿ, ಬೆಳಗೊಳದ ಕಡೆಯಿಂದ ಕಾವೇರಿ ನೀರು ಬರುವ ಮನೆಗೆ ತೊಂದರೆ ಕಮ್ಮಿ. ಊರಾಚೆ ಹೊಸ ಬಡಾವಣೆಗಳಲ್ಲಿ ಬೋರ್ ನೀರೇ ಗತಿ. ಹಬೆಯಾಗಿ ಹೋಗುವುದು ನೀರು ಮಾತ್ರ, ಅದರ ಲವಣವೆಲ್ಲ ಯಂತ್ರದಲ್ಲೇ ಉಳಿಯುತ್ತದೆ. ಲೀಟರಿಗೆ 500 ಮಿಲಿಗ್ರಾಂ ಲವಣ ಇದ್ದರೆ ದಿನಕ್ಕೆ ಒಂದೂವರೆ ಗ್ರಾಂ, ತಿಂಗಳಿಗೆ 45 ಗ್ರಾಂ. ಬೋರ್ ನೀರಿನ ಮನೆಯೊಂದರಲ್ಲಿ ಯಂತ್ರ ಬಿಚ್ಚಿಸಿದಾಗ ನೀರು ಕಾಯಿಸುವ ಕಾಯಿಲ್ ಬೆರಳು ಗಾತ್ರ ಇರಬೇಕಾದದ್ದು ಮೂಲಂಗಿ ಗಾತ್ರ ಆಗಿತ್ತು. ಸ್ಪ್ಯಾನರಿನಲ್ಲಿ ತಟ್ಟಿದರೆ ಮೊಟ್ಟೆ ಚಿಪ್ಪಿನ ಹಾಗೆ ಬಿಳಿ ಚಕ್ಕೆ ಉದುರಿತು. ಸಾಫ್ಟ್‌ನರ್ ಹಾಕಿದರೆ ಗಟ್ಟಿ ಚಕ್ಕೆ ಕಟ್ಟುವುದಿಲ್ಲ, ಆದರೆ ಉಪ್ಪು ಮಾಯವಾಗುವುದಿಲ್ಲ, ರೂಪ ಬದಲಾಗುತ್ತದೆ. ಹಾಗಾಗಿ ಪ್ರತಿ ಸಲ ಬಳಸಿದ ಮೇಲೆ ಉಳಿದ ನೀರನ್ನು ತಾನೇ ಖಾಲಿ ಮಾಡುವ ಯಂತ್ರವನ್ನೇ ತಗೊಳ್ಳಿ.

ಮೈಗೆ ಒಳ್ಳೆಯದಾ? ನಾನು ಡಾಕ್ಟರಲ್ಲ. ಬಿಗಿದ ಸ್ನಾಯು ಸಡಿಲವಾಗುತ್ತದೆ, ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ, ನಿದ್ದೆಗೆ ಹಿತ ಎಂದು ಬಳಸುವವರು ಹೇಳುತ್ತಾರೆ. ತೂಕ ಇಳಿಯುವುದು ಸುಳ್ಳು, ಹೋಗುವುದು ನೀರು. ಒಳಗೆ 45 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಹತ್ತು ಹದಿನೈದು ನಿಮಿಷ ಸಾಕು. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಕೂರಬೇಡಿ. ಆಯುರ್ವೇದದವರು ಹಬೆ ಕೊಟ್ಟು ಬೆವರಿಳಿಸುವ ಸ್ವೇದನ ಪೆಟ್ಟಿಗೆಯಲ್ಲಿ ತಲೆ ಹೊರಗಿರುತ್ತದೆ. ಇಲ್ಲಿ ತಲೆಯೂ ಒಳಗೇ, ಉಸಿರಿಗೂ ಬಿಸಿಗಾಳಿಯೇ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ. ಮೊದಲು ಅಂಥ ಕಡೆ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಕೆಲವು ಸಲ ಹಬೆ ತಗೊಂಡು ನೋಡಿ. ಎರಡನೇ ವಾರಕ್ಕೇ ಹೋಗಲು ಬೇಜಾರಾದರೆ ಮನೆಯಲ್ಲೂ ಅದು ಬಕೆಟ್ ಇಡುವ ಜಾಗ ಆಗುತ್ತದೆ. ಅಂಥವು ನಾನು ನೋಡಿದ ಮನೆಗಳಲ್ಲೇ ಮೂರಿವೆ.

ನನ್ನ ಅಭಿಪ್ರಾಯ ಕೇಳಿದರೆ, ಈಗಾಗಲೇ ಟೈಲ್ಸ್ ಹಾಕಿ ಮುಗಿದ ಬಾತ್‌ರೂಮಿಗೆ ಸುಮ್ನೆ ಯಂತ್ರ ತಂದು ಜೋಡಿಸಬೇಡಿ. ಹೊಸದಾಗಿ ಕಟ್ಟುವವರು, ಒಡೆಸುತ್ತಿರುವವರು ಗೋಡೆ ತೆರೆದಿರುವಾಗಲೇ ಕೋಣೆಯನ್ನು ಸಿದ್ಧ ಮಾಡಿಟ್ಟುಕೊಳ್ಳಿ, ಯಂತ್ರ ಆಮೇಲೆ ಯಾವಾಗ ಬೇಕಾದರೂ ತರಬಹುದು.

ಬೋಗಾದಿಯ ಮನೆಯಲ್ಲಿ ಹಾಗೇ ಮಾಡಿದೆವು. ಅಮ್ಮನವರಿಗೆ ಬಿಪಿ ಮಾತ್ರೆ ಇದೆ, ಅವರ ಡಾಕ್ಟರು ಈಗ ಬೇಡ ಎಂದಿದ್ದಾರೆ. ಮೆಂಬ್ರೇನ್, ಇಳಿಜಾರು ಸೂರು, ಕೂರಲು ಒಂದೂವರೆ ಅಡಿ ಎತ್ತರದ ಕಟ್ಟೆ, ಹಿಡಿದುಕೊಳ್ಳಲು ಕಂಬಿ ಆಗಿದೆ. ಕಟ್ಟೆ ಮೇಲೆ ಕೂತು ಬಿಸಿನೀರಿನ ಸ್ನಾನ ಮಾಡುವುದೇ ಮಂಡಿಗೆ ಹಿತವಾಗಿದೆ ಎಂದರು. ಪಕ್ಕದ ಕಪಾಟಿನಲ್ಲಿ ತಾಮ್ರದ ಪೈಪು, ನೀರಿನ ಪಾಯಿಂಟು, 6 ಸ್ಕ್ವೇರ್ ಎಂಎಂ ವೈರು ಎಳೆದು ತುದಿ ಮುಚ್ಚಿಟ್ಟಿದ್ದೇವೆ. ಟೈಲ್ಸ್ ಅಂಟಿಸುವ ಮೊದಲು ಗೋಡೆಗೆ ಟೇಪು ಹಿಡಿದು ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಫೋಟೋ ತೆಗೆದು ಯಜಮಾನರ ಮೊಬೈಲಿಗೆ ಕಳಿಸಿದೆ. ನೀವೂ ನಿಮ್ಮ ಮೇಸ್ತ್ರಿಯಿಂದ ಆ ಫೋಟೋ ಕೇಳಿ ಇಟ್ಟುಕೊಳ್ಳಿ.